ಕೊರಳು ನೋಡುವ ಭಾವ

ನಮ್ಮ ಭಾವನವರಷ್ಟು ಹೆಂಗಸರ ಕೊರಳನ್ನು ದಿಟ್ಟಿಸಿ ನೋಡಿದ ಗಂಡಸು ಇಡೀ ಮೈಸೂರು ಸಂಸ್ಥಾನದಲ್ಲಿ ಇನ್ನೊಬ್ಬರಿರಲಾರರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಸಿನ ಸರ ಹಾಕಿಕೊಂಡ ಯಾವ ಹೆಂಗಸನ್ನೂ ಅವರು ಬಿಟ್ಟವರಲ್ಲ. ಮದುವೆಮನೆಯಲ್ಲಿ ನೋಡಿದ್ದಾರೆ, ಸಂತೆಯಲ್ಲಿ ನೋಡಿದ್ದಾರೆ, ಬಾವಿಕಟ್ಟೆಯಲ್ಲಿ ನೋಡಿದ್ದಾರೆ. ಒಮ್ಮೆಯಂತೂ ಸಾವಿನ ಮನೆಯಲ್ಲಿ ಅಳುತ್ತ ಕೂತಿದ್ದವರ ಎದುರು ಬಗ್ಗಿ ನಿಂತು ನೋಡಿದ್ದಾರೆ. ಆದರೂ ಅವರ ನಡತೆಯ ಬಗ್ಗೆ ಯಾರೂ ಒಂದು ಮಾತು ಆಡುವ ಹಾಗಿಲ್ಲ. ಏಕೆಂದರೆ ಕೊರಳಿನ ಮೇಲೆ ಒಂದು ಮುಖವೂ ಇರುತ್ತದೆ ಎಂಬುದು ಅವರ ಗಮನಕ್ಕೇ ಬರುತ್ತಿರಲಿಲ್ಲ! ಅವರು ನೋಡುತ್ತಿದ್ದುದು ಸರದ ಕಾಸಿನ ಮೇಲೆ ಅಚ್ಚಾಗಿದ್ದ ಇಂಗ್ಲೆಂಡಿನ ರಾಣಿಯ ಮುಖವನ್ನು.

ಅವರ ಮೇಲೆ ನನಗೆ ಸಿಟ್ಟು. ಅಂದೂ ಇತ್ತು, ಇಂದೂ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಓದುತ್ತ ಓದುತ್ತ ನೀವು ನಗುತ್ತೀರಿ, ನಕ್ಕರೆ ಅವರು ನಿಮಗೆ ಇಷ್ಟವಾಗಿಬಿಡುತ್ತಾರೆ, ಆಮೇಲೆ ನನ್ನ ಸಿಟ್ಟಿನ ಗತಿಯೇನು? ನನ್ನದು ಮೂಗಿನ ತುದಿಯ ಕೋಪ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಕೊರಟಗೆರೆಯಲ್ಲಿ ನಾನು ಶಾಲೆಯ ಮೇಷ್ಟ್ರು. ನಾನು ಮಗ್ಗಿ ಹೇಳಿಕೊಟ್ಟರೆ ಸಂತೆಮಾಳದಲ್ಲಿ ಬದನೆಕಾಯಿ ಮಾರುವವರಿಗೂ ಬಾಯಿಪಾಠವಾಗುತ್ತದೆ ಎನ್ನುತ್ತಾರೆ. ಆದರೆ ಭಾವನ ವಿಷಯದಲ್ಲಿ ನನ್ನ ಕೋಪ ಮೂಗಿನ ತುದಿಯದಲ್ಲ, ಹೊಟ್ಟೆಯೊಳಗಿನದು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮಧುಗಿರಿಯ ತಾಲ್ಲೂಕು ಖಜಾನೆಯಲ್ಲಿ ಶರಾಫರು. ರೈತರು ಕಂದಾಯ ಕಟ್ಟಲು ತಂದ ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು, ಸದ್ದು ಕೇಳಿ, ಅಸಲೋ ನಕಲೋ ಹೇಳುವುದು ಅವರ ಉದ್ಯೋಗ. ದಿನವಿಡೀ ನಾಣ್ಯ ಬಡಿದವರು ಸಂಜೆ ಮನೆಗೆ ಬಂದು ಮತ್ತೇನು ಮಾಡಬೇಕು? ಹೆಂಡತಿ ಮಕ್ಕಳ ಜೊತೆ ನಾಲ್ಕು ಮಾತಾಡಬೇಕು, ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಬೇಕು. ಇವರು ಹಲಸಿನ ಮರದ ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು ಮತ್ತೆ ನಾಣ್ಯ ನೋಡುತ್ತಿದ್ದರು! ಅದೂ ಅಂಗಡಿಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಕೊಳ್ಳಲಾಗದ ನಾಣ್ಯ. ಇಂಗ್ಲೆಂಡಿನ ಸತ್ತುಹೋದ ರಾಜರದು, ಡಚ್ಚರದು, ಫ್ರೆಂಚರದು, ಪೋರ್ಚುಗೀಸರದು. ಮುಕ್ಕಾಲು ಪಾಲು ತಾಮ್ರ, ಕಿಲುಬು ಹಿಡಿದದ್ದು, ಅಂಚು ಸವೆದದ್ದು.

ಈಗ ಅವರ ಮಹಾಪರಾಧವನ್ನು ಹೇಳುತ್ತೇನೆ.

ಅಕ್ಕನ ಮದುವೆಗೆಂದು ನಮ್ಮಪ್ಪ ನಮ್ಮೂರು ಪುರವರದಲ್ಲಿದ್ದ ತೆಂಗಿನ ತೋಟವನ್ನು ಮಾರಿದರು. ಆ ದುಡ್ಡನ್ನು ಸೊಂಟಕ್ಕೆ ಸುತ್ತಿಕೊಂಡು ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗಿ ಇಪ್ಪತ್ತೊಂದು ಸವರನ್ನುಗಳ ಕಾಸಿನ ಸರ ತಂದರು. ಸವರನ್ನು ಎಂದರೆ ಇಂಗ್ಲೆಂಡಿನ ಚಿನ್ನದ ನಾಣ್ಯ. ಒಂದು ಕಡೆ ರಾಣಿಯ ತಲೆ, ಇನ್ನೊಂದು ಕಡೆ ಕುದುರೆ ಸವಾರ. ಊರಿನ ಅಕ್ಕಸಾಲಿಯ ಕೈಗೆ ಚಿನ್ನ ಕೊಟ್ಟರೆ ಚೂರಾದರೂ ಲಪಟಾಯಿಸದೆ ಬಿಡುವುದಿಲ್ಲ ಎಂದು ಅಪ್ಪನಿಗೆ ಗಟ್ಟಿ ಅನುಮಾನ. ಅದಕ್ಕೇ ಅಲ್ಲೇ ಯಾರೋ ಕೊಂಡಿ ಹಾಕಿ, ಪೋಣಿಸಿ ಸಿದ್ಧವಾಗಿಟ್ಟಿದ್ದ ಸರವನ್ನೇ ತಂದಿದ್ದರು. "ಅಕ್ಕಸಾಲಿ ಕೈ ಸೋಕದ ಸರ ಕಣ್ರಪ್ಪಾ" ಎಂದು ಮದುವೆಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಧಾರೆಯ ಹೊತ್ತಿನಲ್ಲಿ ಅದು ಅಕ್ಕನ ಎದೆಯ ಮೇಲೆ ಹೇಗೆ ಹೊಳೆಯುತ್ತಿತ್ತೆಂದರೆ ಅಪ್ಪ ಮದುಮಗಳನ್ನು ಬಿಟ್ಟು ಸರವನ್ನೇ ನೋಡುತ್ತ ನಿಂತಿದ್ದರು.

ಮದುವೆಯ ಮೂರನೆಯ ದಿನ ಅಕ್ಕ ಗಂಡನ ಮನೆಯಲ್ಲಿದ್ದಳು. ಜೊತೆಗೆ ಬಂದಿದ್ದ ತಮ್ಮ ನಾನು, ಹದಿನೆಂಟು ವರ್ಷದವನು. ಬೆಳಗ್ಗೆ ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಒಳಗೆ ಗದ್ದಲ. ನೋಡಿದರೆ ಭಾವ ಸರವನ್ನು ಅಕ್ಕನ ಕೊರಳಿಂದ ತೆಗೆಸಿ ಕೈಯಲ್ಲಿ ಹಿಡಿದು ನಿಂತಿದ್ದಾರೆ!

"ಇವು ಅಪರೂಪದ ನಾಣ್ಯ. ಇವಕ್ಕೆ ಕೊಂಡಿ ಹಾಕಿರೋದೇ ದೊಡ್ಡ ಪಾಪ. ಇನ್ಮೇಲೆ ನನ್ನ ಪೆಟ್ಟಿಗೇಲಿರ್ತವೆ. ಯಾರೂ ಮುಟ್ಟಕೂಡದು."

ಅವರ ತಾಯಿ ಎಂದರೆ ಇಡೀ ಬೀದಿಗೆ ನಡುಕ. ಆಕೆ ಎದೆ ಬಡಿದುಕೊಂಡರು. "ಅಯ್ಯೋ ಹಾಳಾದೋನೆ! ಕಟ್ಕೊಂಡೋಳ ಕೊಳ್ಳಲ್ಲಿರೋದ ಕಿತ್ತು ಬೀಗ ಹಾಕ್ತಾರೇನ್ಲಾ? ಯಾವಾಗ್ಲಿಂದ ಹಿಡೀತ್ಲಾ ನಿಂಗೆ ಈ ಹುಚ್ಚು?"

"ಮೊದ್ಲಿಂದ ಇತ್ತಮ್ಮ. ಹೇಳಿರಲಿಲ್ಲ."

ಹೇಳಿರಲಿಲ್ಲವಂತೆ! ಹುಚ್ಚನ್ನು ಬಚ್ಚಿಟ್ಟು ಹೆಣ್ಣು ತಂದರು! ನನ್ನ ರಕ್ತ ಕುದಿಯಿತು. ಅಕ್ಕ ತಲೆ ತಗ್ಗಿಸಿ ನೆಲ ನೋಡುತ್ತ ನಿಂತಿದ್ದಳು. ಸುದ್ದಿ ಮುಟ್ಟಿದಾಗ ಅಪ್ಪ, "ಕೊಟ್ಟ ಮೇಲೆ ಅವರ ವಸ್ತು" ಎಂದರು. ನಾಲ್ಕು ವರ್ಷಕ್ಕೆ ಅವರು ತೀರಿಕೊಂಡರು. ಅಳಿಯನಿಗೆ ತಲೆ ಸರಿಯಿಲ್ಲ ಎಂದು ತಿಳಿದೇ ಕಣ್ಣುಮುಚ್ಚಿದರು.

ಅಲ್ಲಿಂದ ಮುಂದೆ ಭಾವನ ಹುಚ್ಚಿಗೆ ರೆಕ್ಕೆಪುಕ್ಕ ಬಂದವು. ರಜೆ ಸಿಕ್ಕಿದರೆ ಸಾಕು, ಭೂತಗನ್ನಡಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಊರೂರು ತಿರುಗುವುದು. "ಒಬ್ಬರೇ ಹೋದ್ರೆ ಏಟು ತಿಂದು ಬರ್ತಾರೆ ಕಣೋ, ನೀನೂ ಹೋಗು" ಎಂದು ಅಕ್ಕ ನನ್ನನ್ನು ಕಾವಲಿಗೆ ಕಳಿಸುತ್ತಿದ್ದಳು. ನ್ಯಾಯವೇ ಇದು? ಯಾರಿಗೆ ಏಟು ಬೀಳಲಿ ಎಂದು ನಾನು ಹಗಲಿರುಳು ಹಾರೈಸುತ್ತಿದ್ದೆನೋ ಅವರನ್ನು ಏಟಿನಿಂದ ಕಾಯುವ ಕೆಲಸ ನನ್ನದು!

ಪಾವಗಡದಾಚೆ ನಿಡುಗಲ್ಲಿಗೆ ಹೋದದ್ದು ನೆನಪಿದೆ. ಬೆಟ್ಟದ ಬುಡದ ಬಾವಿಯಲ್ಲಿ ಒಬ್ಬಳು ಸಣ್ಣ ಪ್ರಾಯದ ಸೊಸೆ ನೀರು ಸೇದುತ್ತಿದ್ದಳು. ಕೊರಳಲ್ಲಿ ಮೂರು ಕಾಸು. ನಾನು "ಭಾವ, ಬೇಡ" ಎನ್ನುವಷ್ಟರಲ್ಲಿ ಅವರು ಎರಡು ಮಾರು ದೂರದಲ್ಲಿ ನಿಂತು ಭೂತಗನ್ನಡಿ ಎತ್ತಿಯಾಗಿತ್ತು. ಅವಳು ಕೊಡ ಬಿಸಾಕಿ ಕೂಗಿಕೊಂಡಳು. ಎಲ್ಲಿದ್ದರೋ ಏನೋ, ಹತ್ತು ಜನ ಗಂಡಸರು ದೊಣ್ಣೆ ಹಿಡಿದು ಬಂದರು.

"ಏಮಯ್ಯಾ, ಮಾ ಕೋಡಲ್ ಮೆಡ ಚೂಸ್ತಾವಾ? ಕಣ್ಣು ಕಿತ್ತಾಕ್ಬುಡ್ತೀನಿ ನೋಡು!" ಎಂದು ಒಬ್ಬ ಹಾರಿಬಿದ್ದ. ಅರ್ಧ ತೆಲುಗು, ಅರ್ಧ ಕನ್ನಡವಾದರೂ ದೊಣ್ಣೆ ಪೂರ್ತಿ ಅರ್ಥವಾಗುವ ಹಾಗಿತ್ತು.

ಭಾವ ಶಾಂತವಾಗಿ ಹೇಳಿದರು: "ನಿಮ್ಮ ಸೊಸೇನ ನಾನ್ಯಾಕಪ್ಪ ನೋಡಲಿ? ನಾನು ನೋಡ್ತಿರೋದು ವಿಕ್ಟೋರಿಯಾನ."

"ಆಯಮ್ಮ ಯಾರು? ಗಂಡ ಇಲ್ವಾ ಆಯಮ್ಮಂಗೆ?"

"ಇದ್ದ. ಸತ್ತು ಬಹಳ ವರ್ಷ ಆಯ್ತು. ಪಾಪ, ಆಮೇಲೆ ಅವಳೂ ಸತ್ತಳು."

ಹತ್ತೂ ಜನ ಒಂದು ಹೆಜ್ಜೆ ಹಿಂದೆ ಸರಿದರು. "ಸತ್ತೋಳ್ನ ನೋಡ್ತಾವ್ನಂತೆ! ದಯ್ಯಂ ಪಟ್ಟಿಂದಿರಾ ವೀನಿಕಿ!" ಮೆಟ್ಟಿಕೊಂಡ ದೆವ್ವ ಬಿಡಿಸಲು ಬೇವಿನ ಸೊಪ್ಪು ತರಲೆಂದು ಒಬ್ಬ ಓಡಿದ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹಣ್ಣುಹಣ್ಣು ಮುದುಕಿ ಜನರನ್ನು ಸರಿಸಿಕೊಂಡು ಬಂದಳು. ಅವಳ ಕೊರಳಲ್ಲೂ ಕಾಸು. "ಬುಡ್ರಲಾ ಅವನ್ನ. ಬಾರಪ್ಪಾ, ನಂದು ನೋಡು. ನನ್ನ ಕತ್ತ ಯಾರಾನ ಕಣ್ಣಿಟ್ಟು ನೋಡಿ ನಲವತ್ತು ವರ್ಸ ಆತು!"

ಭಾವ ನೋಡಿದರು. ಅರ್ಧ ಗಂಟೆ ನೋಡಿದರು. "ಅಜ್ಜೀ, ಇದು ರಾಣಿ ಹುಡುಗಿ ಆಗಿದ್ದಾಗ ಹೊಡೆದದ್ದು" ಎಂದರು. "ನಾನೂವೆ ಆಗ ಹುಡುಗೀನೇ ಕಣಪ್ಪ" ಎಂದು ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ಆ ಮನೆಯಲ್ಲೇ ನಮಗೆ ಮುದ್ದೆ, ಹುರುಳಿ ಸಾರಿನ ಊಟವಾಯಿತು. ಊಟ ಚೆನ್ನಾಗಿತ್ತು ಎಂಬ ಕಾರಣಕ್ಕೆ ನಾನು ಭಾವನನ್ನು ಕ್ಷಮಿಸಲಿಲ್ಲ.

ಸಿರಾದಲ್ಲಿ ಆದದ್ದು ಇದಕ್ಕಿಂತ ಘೋರ. ಅಲ್ಲಿ ಹಳೆಯ ಬೀಗ, ದೀಪ, ಹುಕ್ಕಾ ಮಾರುವ ಸಾಬರೊಬ್ಬರ ಅಂಗಡಿಯಿತ್ತು. ಭಾವನನ್ನು ಕಂಡರೆ ಸಾಕು, "ಆವೋ ಶರಾಫ್ ಸಾಬ್! ನಿಮ್ಗೇಂತಾನೇ ಮಡಗಿದೀನಿ, ಬಹುತ್ ಪುರಾನಾ ಮಾಲು!" ಎನ್ನುತ್ತಿದ್ದರು. ಆವತ್ತು ಅವರು ತೆಗೆದದ್ದು ಒಂದು ತಾಮ್ರದ ಬಿಲ್ಲೆ, ಮೂರು ಇಂಗ್ಲಿಷ್ ಅಕ್ಷರ ಒಂದರೊಳಗೊಂದು ಹೆಣೆದುಕೊಂಡದ್ದು. ಡಚ್ಚರ ಕಂಪನಿಯದಂತೆ. ಭಾವ ಅದನ್ನು ಕಲ್ಲಿನ ಮೇಲೆ ಬಡಿದರು, ಕಿವಿಗಿಟ್ಟರು, ಮೂಸಿದರು. ಸಾಬರು ಬೆಲೆ ಹೇಳಲಿಲ್ಲ. ಅವರ ಕಣ್ಣು ನನ್ನ ಕೊಡೆಯ ಮೇಲಿತ್ತು. ಬೆತ್ತದ ಹಿಡಿಯ ಹೊಸ ಕೊಡೆ! ಭಾವ ಅದನ್ನು ನನ್ನ ಕಂಕುಳಿನಿಂದ ಎಳೆದು ಸಾಬರ ಕೈಗೆ ಕೊಟ್ಟೇಬಿಟ್ಟರು.

"ಭಾವ! ಅದು ನನ್ನ ಕೊಡೆ!"

"ನಿನ್ನ ಕೊಡೆ ಹೋದ ವರ್ಷದ್ದು ಕಣಯ್ಯಾ. ಈ ಕಾಸಿಗೆ ನೂರೈವತ್ತು ವರ್ಷ."

"ಸಹೀ ಬಾತ್!" ಎಂದರು ಸಾಬರು ಕೊಡೆ ಬಿಚ್ಚುತ್ತ.

ಚೈತ್ರದ ಬಿಸಿಲು. ಬಸ್ಸು ನಿಲ್ಲುವ ಕಡೆಗೆ ಮೈಲಿಗಟ್ಟಲೆ ನಡಿಗೆ. ನನ್ನ ನೆತ್ತಿ ಕಾದು ಸಿಡಿಯುವಂತಾಗಿತ್ತು. ಭಾವನಿಗೆ ಅದು ಹೇಗೋ ಗೊತ್ತಾಗಿ, ದಾರಿಯಲ್ಲಿ ನಿಂತು ಆ ಬಿಲ್ಲೆಯನ್ನು ನನ್ನ ಕೈಯಲ್ಲಿಟ್ಟು, "ತಗೋ, ಸ್ವಲ್ಪ ಹೊತ್ತು ಹಿಡ್ಕೊ, ತಣ್ಣಗಿದೆ" ಎಂದರು. ಆ ಹೊತ್ತಿನಲ್ಲಿ ನಾನು ಅವರನ್ನು ಯಾವುದಾದರೂ ಪಾಳುಬಾವಿಗೆ ನೂಕಿದ್ದರೆ ಯಾವ ಅಮಲ್ದಾರರೂ ನನ್ನನ್ನು ತಪ್ಪಿತಸ್ಥ ಎನ್ನುತ್ತಿರಲಿಲ್ಲ.

ಅಕ್ಕನಿಗಾದರೂ ಬುದ್ಧಿ ಬೇಡವೇ? ಅವಳು ಇದನ್ನೆಲ್ಲ ತಮಾಷೆಯ ಹಾಗೆ ನೋಡುತ್ತಿದ್ದಳು. ಭಾವ ಸಂಜೆ ಭೂತಗನ್ನಡಿ ಹಿಡಿದು, "ನೋಡೇ, ರಾಣಿಗೆ ಮೂರು ಮುಖ. ಹುಡುಗಿಯಾಗಿದ್ದಾಗಿಂದು, ಸಣ್ಣ ಕಿರೀಟದ್ದು, ಮುದುಕಿಯಾಗಿ ಮುಸುಕು ಹಾಕ್ಕೊಂಡಿದ್ದು" ಎಂದು ಶುರು ಮಾಡಿದರೆ, ಅಕ್ಕ ಕಾಳು ಆರಿಸುತ್ತಲೇ, "ನನಗೂ ಎರಡು ಮುಖ ಆಗೋಯ್ತು, ಮೂರನೇದು ಬರೋದ್ರೊಳಗೆ ಒಂದ್ಸಾರಿ ಈ ಕಡೇನೂ ನೋಡಿ" ಎನ್ನುತ್ತಿದ್ದಳು. ಭಾವ ಕನ್ನಡಿಯನ್ನು ಅವಳ ಮುಖಕ್ಕೆ ಹಿಡಿದು, "ಅಂಚು ಸವೆದಿಲ್ಲ" ಎನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಬೋಳು ಕೊರಳಿನಲ್ಲಿ ತಾಳಿಯೊಂದನ್ನೇ ಕಟ್ಟಿಕೊಂಡು ನಗುವ ಹೆಂಗಸನ್ನು ನೋಡಿದರೆ ಒಡಹುಟ್ಟಿದವನಿಗೆ ಹೇಗಾಗಬೇಕು? ಮದುವೆ ಮುಂಜಿಗಳಲ್ಲಿ ಅವಳು ಕಂಬದ ಮರೆಯಲ್ಲಿ ನಿಲ್ಲುತ್ತಿದ್ದುದನ್ನು ನಾನು ಕಂಡಿದ್ದೇನೆ. "ಇಪ್ಪತ್ತೊಂದು ಕಾಸಿನ ಸರ ಇದ್ಯಂತೆ, ನೋಡಿದೋರಿಲ್ಲ" ಎಂದು ಹೆಂಗಸರು ನಗುತ್ತಿದ್ದುದನ್ನು ಕೇಳಿದ್ದೇನೆ.

ದೇವರಿದ್ದಾನೆ ಎಂದು ನನಗೆ ನಂಬಿಕೆ ಬಂದದ್ದು ಒಂದು ವರಮಹಾಲಕ್ಷ್ಮಿ ಹಬ್ಬದಲ್ಲಿ. ನಾವು ಮಧುಗಿರಿಗೆ ಹೋಗಿದ್ದೆವು. ಭಾವ ಪೆಟ್ಟಿಗೆಗೆ ಬೀಗ ಹಾಕಲು ಮರೆತು ಖಜಾನೆಗೆ ಹೋಗಿದ್ದರು. ನನ್ನ ಹೆಂಡತಿ ಮುಚ್ಚಳ ತೆಗೆದು ನೋಡಿ, "ಪಾಪ, ಭಾವನೋರ ಕಾಸೆಲ್ಲ ಕಿಲುಬು ಹಿಡ್ದದೆ" ಎಂದು ಮರುಗಿದಳು. ಮರುಗಿ ಸುಮ್ಮನಿರುವ ಪೈಕಿಯಲ್ಲ. ಹುಣಸೆಹಣ್ಣು ತಂದಳು, ಒಲೆಯ ಬೂದಿ ತಂದಳು, ತೆಂಗಿನ ನಾರು ತಂದಳು. ಪೂಜೆಯ ತಂಬಿಗೆ ತಿಕ್ಕುವ ಹಾಗೆ ಒಂದೊಂದನ್ನೂ ತಿಕ್ಕಿದಳು. ಡಚ್ಚರು, ಫ್ರೆಂಚರು, ನಾಲ್ಕೂ ಜಾರ್ಜುಗಳು ಹೊಸ ಚೊಂಬಿನ ಹಾಗೆ ಥಳಥಳ ಹೊಳೆದರು. ಎಲ್ಲರಿಗೂ ಕುಂಕುಮ ಇಟ್ಟು, ಹರಿವಾಣದಲ್ಲಿ ಜೋಡಿಸಿ ಲಕ್ಷ್ಮಿಯ ಮುಂದಿಟ್ಟಳು. ಪೆಟ್ಟಿಗೆಯ ಮೇಲಿನ ಖಾನೆಯೊಂದಕ್ಕೆ ಮಾತ್ರ ಬೇರೆ ಬೀಗವಿತ್ತು, ಅದರ ಕೀಲಿಕೈ ಯಾವಾಗಲೂ ಭಾವನ ಉಡಿದಾರದಲ್ಲಿ. "ಅದೊಂದು ತೊಳೆಯಕ್ಕಾಗಲಿಲ್ಲ" ಎಂದು ಅವಳಿಗೆ ಬೇಜಾರು.

ಭಾವ ಬಂದರು. ಮೊದಲು ಪೆಟ್ಟಿಗೆಯತ್ತ ಓಡಿ ಮೇಲಿನ ಖಾನೆಯ ಬೀಗವನ್ನು ಮುಟ್ಟಿ ನೋಡಿದರು. ಆಮೇಲೆ ಹರಿವಾಣದ ಮುಂದೆ ಕುಸಿದು ಕೂತರು.

"ಇನ್ನೂರು ವರ್ಷದ ಬಣ್ಣ ಕಣಮ್ಮಾ ಅದು..."

"ಬಣ್ಣ ಅಲ್ಲ ಭಾವ, ಕೊಳೆ" ಎಂದಳು ನನ್ನ ಹೆಂಡತಿ ಸಮಾಧಾನ ಹೇಳುವ ಧ್ವನಿಯಲ್ಲಿ.

ಭಾವ ಎದ್ದು ಹಿತ್ತಲಿಗೆ ಹೋಗಿ, ಸಾವಿನ ಮನೆಯಿಂದ ಬಂದವರ ಹಾಗೆ ತಲೆಗೆ ಎರಡು ಕೊಡ ತಣ್ಣೀರು ಹುಯ್ದುಕೊಂಡು ಬಂದರು. ನನಗೆ ಆವತ್ತು ಹೋಳಿಗೆ ಎಷ್ಟು ರುಚಿಯಾಗಿತ್ತೆಂದರೆ ಐದನೆಯದನ್ನೂ ಕೇಳಿ ಹಾಕಿಸಿಕೊಂಡೆ.

ಹೀಗೇ ಇಪ್ಪತ್ತೆರಡು ವರ್ಷ ಕಳೆದವು. ದೂರದಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ನನ್ನ ಮಗಳಿಗೆ ಮದುವೆ ನಿಶ್ಚಯವಾಯಿತು. ಆಗ ನನ್ನ ಜೊತೆಯಲ್ಲೇ ಇದ್ದ ಅಮ್ಮ, ಹಲ್ಲಿಲ್ಲದ, ಸರಿಯಾಗಿ ಕಣ್ಣು ಕಾಣದ ಅಮ್ಮ, ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು: "ನಂಗೆ ಇನ್ನೇನೂ ಬ್ಯಾಡ ಮಗಾ. ನಿಮ್ಮಪ್ಪ ತೋಟ ಮಾರಿ ತಂದ ಸರ, ಅದ ಒಂದಿನ ಮೊಮ್ಮಗಳ ಕೊಳ್ಳಲ್ಲಿ ಮುಟ್ಟಿ ನೋಡಬೇಕು. ಧಾರೆ ಮುಗಿಯೋಗಂಟ ಸಾಕು. ಆಮ್ಯಾಕೆ ಆ ಹುಚ್ಚಂಗೇ ಕೊಟ್ಟುಬುಡು."

ಅಮ್ಮ ಜೀವಮಾನದಲ್ಲಿ ನನ್ನಿಂದ ಏನನ್ನೂ ಕೇಳಿದವಳಲ್ಲ. ತಂದೇ ತರುತ್ತೇನೆಂದು ಮಾತು ಕೊಟ್ಟೆ.

ಮರುದಿನವೇ ಮಧುಗಿರಿಯ ಬಸ್ಸು ಹತ್ತಿದೆ. ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಕಾಲ. ಏರು ಬಂದ ಕಡೆಯಲ್ಲೆಲ್ಲ ನಾವು ಇಳಿದು ತಳ್ಳಬೇಕು. ತಳ್ಳಿದಷ್ಟೂ ನನ್ನ ಸಿಟ್ಟು ಏರುತ್ತಿತ್ತು. ಮೈಯೆಲ್ಲ ಮಸಿ, ಕಣ್ಣು ಕೆಂಪು. ಅಕ್ಕನ ಮನೆ ಹೊಕ್ಕಾಗ ನಾನು ಇದ್ದಿಲ ಗೂಡಿನಿಂದ ಎದ್ದುಬಂದವನ ಹಾಗಿದ್ದಿರಬೇಕು. ಭಾನುವಾರ, ಭಾವ ಪೆಟ್ಟಿಗೆಯ ಮುಂದೆ ಕೂ‌ತಿದ್ದರು.

"ಬಾರಯ್ಯಾ, ಕೂತ್ಕೊ. ಫ್ರೆಂಚರದೊಂದು..."

"ಸರ ಕೊಡಿ ಭಾವ."

ವಿಷಯ ಹೇಳಿದೆ. ಅಮ್ಮ ಕೇಳಿದ್ದನ್ನು ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. "ಕೊಡಕ್ಕಾಗಲ್ಲಯ್ಯಾ" ಎಂದರು.

"ಒಂದು ದಿನ!"

"ಒಂದು ಗಳಿಗೆಗೂ ಆಗಲ್ಲ. ಬಲವಂತ ಮಾಡಬೇಡ."

ನನ್ನೊಳಗೆ ಇಪ್ಪತ್ತೆರಡು ವರ್ಷದಿಂದ ತುಂಬಿದ್ದ ಕೆರೆಯ ಏರಿ ಒಡೆಯಿತು. ಏನೇನು ಅಂದೆನೋ! ಕಟುಕ ಎಂದೆ. ಹೆಂಡತಿಯ ಕೊರಳು ಬೋಳು ಮಾಡಿ ಊರ ಹೆಂಗಸರ ಕೊರಳು ನೋಡುವ ನಾಚಿಕೆಗೆಟ್ಟವನು ಎಂದೆ. ನಮ್ಮಪ್ಪನ ಹೊಟ್ಟೆ ಉರಿಸಿ ಕೊಂದಿರಿ, ಈಗ ನಮ್ಮಮ್ಮನನ್ನೂ ಕೊಲ್ಲಿ ಎಂದೆ. ಅವರು ತಲೆ ಎತ್ತಲಿಲ್ಲ. "ಬಯ್ಯಿ, ಬಯ್ಯಿ, ನಾನು ಹುಚ್ಚ" ಎಂದು ಗೊಣಗಿದರು. ಆ ಮಾತು ಕೇಳಿ ಇನ್ನಷ್ಟು ಉರಿದುಹೋಗಿ, ಹಿರಿಯರೆಂಬುದನ್ನೂ ಮರೆತು, ಕೀಲಿಕೈಗಾಗಿ ಅವರ ಉಡಿದಾರಕ್ಕೇ ಕೈ ಹಾಕಿದೆ! ನಲವತ್ತು ವರ್ಷದ ಮೇಷ್ಟ್ರು ಐವತ್ತರ ಶರಾಫರ ಉಡಿದಾರ ಎಳೆಯುವುದು, ಅವರು ಪಂಚೆ ಹಿಡಿದುಕೊಂಡು ಪೆಟ್ಟಿಗೆಯ ಸುತ್ತ ಓಡುವುದು. ಅಪ್ಪ ಬದುಕಿದ್ದರೆ ಇಬ್ಬರಿಗೂ ಬಾರಿಸುತ್ತಿದ್ದರು.

"ಬಿಡೋ ಅವರನ್ನ!"

ಅಕ್ಕನ ಬಾಯಿಂದ ಅಂಥ ಧ್ವನಿಯನ್ನು ನಾನು ಕೇಳಿರಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದಳು. ಗಂಡನ ಕಡೆ ತಿರುಗಿ, "ತೆಗೀರಿ. ತೋರಿಸಿ ಇವನಿಗೆ" ಎಂದಳು.

"ಬೇಡ ಕಣೇ."

"ಸಾಕು ಅಂದೆ. ನನ್ನ ತಮ್ಮ ನಿಮ್ಮ ಮೇಲೆ ಕೈ ಮಾಡೋದನ್ನ ನೋಡ್ಕೊಂಡು ನಾನಿನ್ನು ಬಾಯಿ ಮುಚ್ಕೊಂಡಿರಲ್ಲ."

ಭಾವ ಮೇಲಿನ ಖಾನೆಯ ಬೀಗ ತೆಗೆದರು. ಹತ್ತಿಯ ಹಾಸಿನ ಮೇಲೆ ಇಪ್ಪತ್ತೊಂದೂ ಸಾಲಾಗಿ ಮಲಗಿದ್ದವು. ಒಂದನ್ನು ನನ್ನ ಎಡಗೈಯಲ್ಲಿಟ್ಟರು. ಬೇರೆ ಎಲ್ಲಿಂದಲೋ ಒಂದು ಅಸಲಿ ಸವರನ್ನು ತೆಗೆದು ಬಲಗೈಯಲ್ಲಿಟ್ಟರು. ಬಲಗೈ ತಾನಾಗಿ ಕೆಳಗೆ ಹೋಯಿತು. ಎಡಗೈಯಲ್ಲಿ ಭಾರವೇ ಇರಲಿಲ್ಲ.

"ಕುದುರೆ ಸವಾರನ್ನ ನೋಡು. ಅಸಲಿಯಲ್ಲಿ ಅವನ ಮೈಮೇಲೆ ಬಟ್ಟೆ ಇಲ್ಲ. ಇದ್ರಲ್ಲಿ ಕೋಟು ತೊಟ್ಟು ದೊರೆ ಹಾಗೆ ಕೂತವನೆ. ಇವು ನಾಣ್ಯಾನೇ ಅಲ್ಲ ಕಣಯ್ಯಾ. ಇಂಗ್ಲೆಂಡಲ್ಲಿ ಇಸ್ಪೀಟು ಆಡುವಾಗ ದುಡ್ಡಿನ ಬದಲು ಇಡೋ ಬಿಲ್ಲೆ. ಹಿತ್ತಾಳೆಗೆ ಚಿನ್ನದ ಮುಲಾಮು, ಬರೀ ಮೇಲಿನ ಲೇಪ. ಇಂಗ್ಲಿಷ್ ಬರದೋರಿಗೆ ರಾಣಿ ತಲೆ ಕಂಡ್ರೆ ಸವರನ್ನೇ."

ನಾನು ಎರಡನ್ನೂ ಅದಲು ಬದಲು ಮಾಡಿ ಮತ್ತೆ ತೂಗಿ ನೋಡಿದೆ.

"ತಾಳಿ ಕಟ್ಟುವಾಗ ಎರಡು ಕಾಸು ಒಂದಕ್ಕೊಂದು ತಗುಲಿ ಸದ್ದಾಯ್ತು, ಚಿನ್ನದ ಸದ್ದಲ್ಲ. ನನ್ನ ಕೆಲಸವೇ ಅದಲ್ವಾ. ನಮ್ಮ ಮನೇಲಿ ಮೂರನೇ ದಿನ ಅಕ್ಕಸಾಲಿನ ಕರೆಸಿ ಸೊಸೆ ಚಿನ್ನಾನ ಒರೆಗಲ್ಲಿಗೆ ಹಚ್ಚಿ, ತೂಗಿಸೋ ಪದ್ಧತಿ. ನಮ್ಮಮ್ಮ ಆಗ್ಲೇ ಹೇಳಿಕಳಿಸಿದ್ಲು. ಅವನು ತಕ್ಕಡಿ ತಗೊಂಡು ಬರೋ ಹೊತ್ತಿಗೆ ಸರ ನನ್ನ ಕೈಯಲ್ಲಿರಬೇಕಾಗಿತ್ತು. ಇಲ್ಲದಿದ್ರೆ ಅವತ್ತೇ ನಿಮ್ಮಕ್ಕನ್ನ ಗಾಡಿ ಹತ್ತಿಸಿ ಪುರವರಕ್ಕೆ ಕಳಿಸ್ತಿದ್ಲು. ನಿಮ್ಮಪ್ಪ ಮೋಸ ಹೋಗಿದ್ರು ಕಣಯ್ಯಾ, ಮೋಸ ಮಾಡಿರಲಿಲ್ಲ. ತೋಟಾನೂ ಹೋಯ್ತು, ಸರಾನೂ ಸುಳ್ಳು ಅಂತ ಗೊತ್ತಾಗಿದ್ರೆ ಆ ಮನುಷ್ಯ ಉಳೀತಿದ್ರಾ?"

"ಹಾಗಾದ್ರೆ ಈ ನಾಣ್ಯದ ಹುಚ್ಚು?"

"ಎಲ್ಲಿಯ ಹುಚ್ಚು? ಅವತ್ತಿನವರೆಗೆ ಖಜಾನೆಯಿಂದ ಆಚೆ ಬಂದ್ರೆ ನಾಣ್ಯ ಕಂಡ್ರೇ ವಾಕರಿಕೆ ಬರೋದು ನಂಗೆ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಆದರೆ ಬರೀ ಸರಕ್ಕೆ ಮಾತ್ರ ಹುಚ್ಚಾದ್ರೆ ನಮ್ಮಮ್ಮ ನಂಬೋಳಾ? ಅದಕ್ಕೇ ನಾಲ್ಕು ಹಳೇ ಕಾಸು ತಂದೆ. ಆಮೇಲೆ ಊರೂರು ಸುತ್ತಿದೆ. ಮೊದ‌ಮೊದಲು ನಾಟಕ. ಆರು ತಿಂಗಳಿಗೆ ನಿಜವಾಗ್ಲೂ ಹಿಡ್ಕೊಂಡ್ಬಿಡ್ತು ಕಣಯ್ಯಾ, ಏನ್ಮಾಡ್ಲಿ!"

ಹೇಳುತ್ತ ಹೇಳುತ್ತ ಅವರಿಗೇ ನಗು ಬಂತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವತ್ತೇ ನನಗೆ ಹೇಳಿದ್ರು ಕಣೋ. ಅಪ್ಪ ಕೊಟ್ಟಿದ್ದನ್ನ ಬಾವಿಗೆ ಹಾಕಿಬಿಡಿ ಅಂದೆ. 'ತೋಟ ಮಾರಿ ತಂದಿರೋದು, ಎಸೀಬಾರದು' ಅಂತ ಎಲ್ಲದಕ್ಕಿಂತ ಮೇಲಿನ ಖಾನೇಲಿ ಇಟ್ಟುಕೊಂಡ್ರು" ಎಂದಳು.

ಆಗ ನನಗೆ ಬಂದ ಸಿಟ್ಟಿದೆಯಲ್ಲ, ಅಂಥ ಸಿಟ್ಟು ಅದಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಇಪ್ಪತ್ತೆರಡು ವರ್ಷ ನನ್ನಿಂದ ಬೈಸಿಕೊಂಡರಲ್ಲ! ಇಂಥ ಮನುಷ್ಯನಿಗೆ ಏಟು ಬೀಳಲಿ ಎಂದು ನಾನು ಹಾರೈಸುವ ಹಾಗೆ ಮಾಡಿದರಲ್ಲ! "ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ?" ಎಂದು ಕಿರುಚಿದೆ.

"ನಿನಗೆ ಹೇಳೋದೂ ಒಂದೇ, ಕೊರಟಗೆರೆ ಸಂತೇಲಿ ಡಂಗುರ ಹೊಡಿಸೋದೂ ಒಂದೇ" ಎಂದರು ಭಾವ. ನಿಜವಾಗಿತ್ತು. ಅದಕ್ಕೂ ಸಿಟ್ಟು ಬಂತು. ಅವರ ಕಾಲು ಮುಟ್ಟಲು ಬಗ್ಗಿದೆ. ಮತ್ತೆ ಉಡಿದಾರಕ್ಕೆ ಕೈ ಹಾಕುತ್ತೇನೆಂದು ಹೆದರಿ ಅವರು ಎರಡು ಹೆಜ್ಜೆ ಹಿಂದೆ ಹಾರಿದರು!

ಹೊರಡುವಾಗ ಕೇಳಿದೆ: "ಅಮ್ಮನಿಗೆ ಏನು ಹೇಳಲಿ ಭಾವ?"

"ಹುಚ್ಚ ಕೊಡಲಿಲ್ಲ ಅನ್ನು. ಜೋರಾಗಿ ಬಯ್ಯಿ. ನೀನು ಮೆತ್ತಗೆ ಮಾತಾಡಿದ್ರೆ ಅವರಿಗೆ ಅನುಮಾನ ಬರುತ್ತೆ."

ಕೊರಟಗೆರೆಯಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಮ್ಮ ಜಗಲಿಯ ಮೇಲೆ ಕೂತು ದಾರಿ ಕಾಯುತ್ತಿದ್ದಳು. ನನ್ನ ಹೆಜ್ಜೆಯ ಸದ್ದಿಗೇ ಎರಡೂ ಕೈ ಮುಂದೆ ಚಾಚಿ ಬೊಗಸೆ ಮಾಡಿದಳು.

"ತಂದ್ಯಾ ಮಗಾ?"

ನಾನು ಬಯ್ಯಲು ಶುರು ಮಾಡಿದೆ. ಬೀದಿಗೆಲ್ಲ ಕೇಳುವ ಹಾಗೆ ಬಯ್ದೆ. ಆ ಹುಚ್ಚ ಕೊಡಲಿಲ್ಲ ಎಂದೆ, ಆ ಲೋಭಿಗೆ ಕರುಳೇ ಇಲ್ಲ ಎಂದೆ, ಅಂಥ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎಂದೆ. ಆಮೇಲೆ ಎಷ್ಟು ಕೆಮ್ಮಿದರೂ ಮುಂದಿನ ಬೈಗುಳ ಹೊರಡಲಿಲ್ಲ. ಅಮ್ಮ ಬೊಗಸೆಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು. ನನ್ನ ಕೈ ಹುಡುಕಿ ಹಿಡಿದುಕೊಂಡು ಹೇಳಿದಳು:

"ಅಷ್ಟು ಕ್ವಾಪ ಮಾಡ್ಕಬ್ಯಾಡ ಕಣಪ್ಪಾ. ಏನೇ ಆಗ್ಲಿ, ನಮ್ಮನೆ ಅಳಿಯ. ನಿಮ್ಮಪ್ಪ ತಂದ ಚಿನ್ನಾನ ಅಷ್ಟು ಜೋಪಾನವಾಗಿ ಮಡಿಕ್ಕಂಡವ್ನಲ್ಲ, ಇರ್ಲಿ ಬುಡು."